ಖಾಲಿ ಸುತ್ತು

ಗಂಡನ ದಪ್ಪ ಸ್ವೆಟರನ್ನು ನಾಲ್ಕು ಮಡಿಕೆ ಮಾಡಿ ಹಿಂಬದಿಗೆ ಕಟ್ಟಿಕೊಂಡು, ಅದರ ಮೇಲೆ ಫ್ಯಾಕ್ಟರಿಯ ನೀಲಿ ಕೋಟು ಹಾಕಿ, ಕನ್ನಡಿಯ ಮುಂದೆ ಓರೆಯಾಗಿ ನಿಂತಾಗ ಅವಳಿಗೆ ಬರಬೇಕಾಗಿದ್ದ ಪ್ರಶ್ನೆ, ಐವತ್ತೆರಡು ವರ್ಷದ ಹೆಂಗಸು, ನಾಲ್ಕು ತಿಂಗಳಿಂದ ಚೀಫ್ ಎಂಜಿನಿಯರು, ಮುನ್ನೂರು ಜನರ ಮೇಲಧಿಕಾರಿ, ತಾನು ಇದೇನು ಮಾಡುತ್ತಿದ್ದೇನೆ ಎನ್ನುವುದು. ಅದು ಬರಲಿಲ್ಲ. ಬಂದದ್ದು, ಕೂತಾಗ ಇದು ಎಷ್ಟು ಮಿಲಿಮೀಟರಿಗೆ ಇಳಿದೀತು ಎಂಬ ಪ್ರಶ್ನೆ. ಉಣ್ಣೆ ಮೆತ್ತನೆಯ ವಸ್ತು. ಅರ್ಧಕ್ಕರ್ಧ ಕುಸಿದರೂ ಮೂವತ್ತು ಉಳಿಯಬೇಕು. ಮೂವತ್ತು ಸಾಕು. ಹಿಂದಿನಿಂದ ನೋಡಿದವರಿಗೆ ಏನನ್ನಿಸಬಹುದೆಂದು ಕತ್ತು ತಿರುಗಿಸಿ ನೋಡಿಕೊಂಡಳು. ಏನನ್ನಿಸಬಾರದೋ ಅದೇ ಅನ್ನಿಸುವಂತಿತ್ತು. ಅಷ್ಟರಲ್ಲಿ ಚಹಾ ಹಿಡಿದು ಬಂದ ಗಂಡ ಬಾಗಿಲಲ್ಲೇ ನಿಂತ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಹೇಳಿಕೊಡುವವನು. ಎತ್ತರ ತಗ್ಗುಗಳನ್ನು ಕಂಡ ಕೂಡಲೇ ಗುರುತಿಸುವುದು ಅವನ ಕಸುಬು.

“ಇದೇನೇ ಇದು, ರಾತ್ರಿ ಬೆಳಗಾಗೋದರೊಳಗೆ ಒಂದು ಪರ್ವತ ಎದ್ದುಬಿಟ್ಟಿದೆ?”

“ನಗಬೇಡಿ ಅಂದ್ರೆ. ಗೊತ್ತಾಗುತ್ತಾ?”

“ಏನು, ನನ್ನ ಸ್ವೆಟರ್ ಅಂತಾನಾ? ಅದು ಗೊತ್ತಾಗಲ್ಲ. ಮಿಕ್ಕಿದ್ದೆಲ್ಲ ಗೊತ್ತಾಗುತ್ತೆ.”

“ಮೈಮೇಲಿನ ಬಟ್ಟೆ ಇರಬಹುದು ಅಂತ ರೂಲಿನಲ್ಲೇ ಇದೆ.”

“ಆ ರೂಲು ಬರೆದೋರು ಯಾರಮ್ಮಾ?”

“ನಾನೇ.”

“ಹಾಗಾದ್ರೆ ಅನುಭವಿಸು.” ಅವನು ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಮಂಚದ ಅಂಚಿಗೆ ಕೂತ. “ನೋಡು, ‘ದಿಂಬು ಇಲ್ದೆ ನನಗೆ ರಸ್ತೆ ಕಾಣಿಸಲ್ಲ’ ಅಂತ ಒಂದು ಮಾತು ಹೇಳಿದ್ರೆ ಮುಗಿದುಹೋಗುತ್ತೆ.”

“ಮುಗಿದೇ ಹೋಗುತ್ತೆ. ಅದೇ ಭಯ,” ಎಂದು ಅವಳು ಗಂಟು ಬಿಚ್ಚಿದಳು. ಸ್ವೆಟರು ಧೊಪ್ಪೆಂದು ಕೆಳಗೆ ಬಿತ್ತು. ಇಬ್ಬರೂ ಅದನ್ನು ಸ್ವಲ್ಪ ಹೊತ್ತು ನೋಡಿ, ನಗಬಾರದೆಂದುಕೊಂಡು, ನಕ್ಕರು.

ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲಿ ಹೊಸ ಮಾದರಿಯ ಮೊದಲ ಕಾರು ತಯಾರಾಗಿ ಹೊರಗೆ ಬಂದ ದಿನ, ಚೀಫ್ ಆದವರು ಅದನ್ನು ಒಬ್ಬರೇ ಟ್ರ್ಯಾಕಿನ ಮೇಲೆ ಒಂದು ಸುತ್ತು ಓಡಿಸಬೇಕು. ನಾಲ್ಕು ಕಿಲೋಮೀಟರು. ಜೊತೆಗೆ ಯಾರೂ ಇರಕೂಡದು, ಯಾವ ಅಳತೆಯ ಯಂತ್ರವೂ ಇರಕೂಡದು, ಬ್ಯಾಗು, ಫೋನು, ಕೈಗಡಿಯಾರ, ಜೇಬಿನ ಪೆನ್ನು ಕೂಡ ಇರಕೂಡದು. ಅದಕ್ಕೇ ಅದಕ್ಕೆ ಖಾಲಿ ಸುತ್ತು ಎಂದು ಹೆಸರು. ಕೊನೆಗೆ ಗೇಟಿನ ಬಳಿಯ ಬಿಳಿ ಗೆರೆಗೆ ಬಂಪರು ಸಮನಾಗುವಂತೆ ನಿಲ್ಲಿಸಿ, ಇಳಿದು, ಮೇಜಿನ ಮೇಲಿಟ್ಟ ಹಾಳೆಯಲ್ಲಿ ‘ಸರಿ’ ಅಥವಾ ‘ಇಲ್ಲ’ ಎಂದು ಬರೆದು ಸಹಿ ಹಾಕಬೇಕು. ‘ಇಲ್ಲ’ ಎಂದರೆ ಪಕ್ಕದಲ್ಲಿ ಕಾರಣ ಬರೆಯಲು ಒಂದು ಅಂಕಣವಿದೆ. ಹನ್ನೊಂದು ಕಾರುಗಳ ಹನ್ನೊಂದು ಹಾಳೆಗಳಲ್ಲಿ ಆ ಅಂಕಣ ಬಿಳಿಯಾಗಿಯೇ ಉಳಿದಿತ್ತು. ಸುತ್ತು ಹಳೆಯದು, ಆದರೆ ಖಾಲಿ ಇರಬೇಕೆಂಬ ನಿಯಮ ಅವಳದು. ಹತ್ತೊಂಬತ್ತು ವರ್ಷದ ಹಿಂದೆ, ಪರೀಕ್ಷೆಯ ಕಾರಿನಲ್ಲಿ ಟಿಣ್ ಟಿಣ್ ಎಂದು ಸದ್ದು ಬರುತ್ತದೆಂದು ಅವಳು ಒಂದಲ್ಲ ಮೂರು ಕಾರುಗಳ ಡ್ಯಾಶ್‌ಬೋರ್ಡು ಬಿಚ್ಚಿಸಿದ್ದಳು. ಯಾವ ಕಾರಿನಲ್ಲಿ ಅವಳು ಕೂತರೂ ಸದ್ದು, ಬೇರೆಯವರು ಕೂತರೆ ಇಲ್ಲ. ಒಂಬತ್ತು ದಿನ ಇಡೀ ವಿಭಾಗ ತಲೆ ಕೆಡಿಸಿಕೊಂಡು, ಹತ್ತನೆಯ ದಿನ ಸದ್ದು ಸಿಕ್ಕಿತು: ಸೀಟಿನ ಕೆಳಗಿಟ್ಟುಕೊಳ್ಳುತ್ತಿದ್ದ ಅವಳದೇ ಬ್ಯಾಗಿನಲ್ಲಿ, ಅವಳದೇ ಊಟದ ಡಬ್ಬಿಯೊಳಗೆ, ಒಂದು ಸ್ಟೀಲು ಚಮಚ. ಆಗ ಚೀಫ್ ಆಗಿದ್ದವರು ಆರಡಿ ಎರಡಿಂಚಿನ ಮನುಷ್ಯ, ಎಲ್ಲರ ಬಾಯಲ್ಲಿ ಉದ್ದಣ್ಣ. ಅವರು ಬೈಯಲಿಲ್ಲ. ಮರುದಿನದ ಮೀಟಿಂಗಿನಲ್ಲಿ ಎಲ್ಲರೆದುರು, ತುಂಬಾ ಕಾಳಜಿಯಿಂದ, “ಊಟ ಆಯ್ತಾ ಅಮ್ಮಾ?” ಎಂದರು, ಅಷ್ಟೇ. ಆ ಸಂಜೆಯೇ ಅವಳು ನಿಯಮ ಬರೆದಳು. ತಪ್ಪು ಮಾಡಿದವರು ಬರೆಯುವ ಹಾಗೆ, ಬಿಗಿಯಾಗಿ, ಯಾರಿಗೂ ವಿನಾಯಿತಿ ಇಲ್ಲದಂತೆ. ತಾನೂ ಒಂದು ದಿನ ಚೀಫ್ ಆಗಬಹುದೆಂಬ ಯೋಚನೆ ಆಗ ಅವಳಿಗೇ ಇರಲಿಲ್ಲ, ಬೇರೆಯವರಿಗೆ ಇರುವುದು ದೂರದ ಮಾತು.

ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಎಂದಿನಂತೆ ದಿಂಬಿನ ಮೇಲೆ ಕೂತಿದ್ದಳು. ಎರಡು ಬೆರಳು ಕಡಿಮೆ ಐದಡಿ ಎಂದು ತಾಯಿ ಗಂಡಿನ ಕಡೆಯವರಿಗೆ ಹೇಳುತ್ತಿದ್ದ ಎತ್ತರ, ನಿಜಕ್ಕೆ ನಾಲ್ಕಡಿ ಒಂಬತ್ತೂವರೆ. ದಿಂಬನ್ನು ಹೊಲಿದುಕೊಟ್ಟದ್ದೂ ತಾಯಿಯೇ, ಹಳೆಯ ಕಿಟಕಿ ಪರದೆಯ ಕಂದು ಬಟ್ಟೆಯಲ್ಲಿ. ಮಗಳಿಗೆ ಆಫೀಸಿನ ಕುರ್ಚಿ ಗಟ್ಟಿ ಇರಬೇಕು ಎಂದು ನಂಬಿಕೊಂಡು. “ಮೆತ್ತಗೆ ಕೂತ್ಕೋ, ಗಟ್ಟಿಯಾಗಿ ಮಾತಾಡು,” ಎಂದಿದ್ದಳು. ಅವಳು ಮಾಡಿದ್ದೂ ಹಾಗೆಯೇ. ಟ್ರ್ಯಾಕಿನ ಬಳಿ ಹೆಂಗಸರಿಗೆ ಶೌಚಾಲಯ ಬೇಕೆಂದು ಎರಡು ವರ್ಷ ಜಗಳವಾಡಿ ಕಟ್ಟಿಸಿದಳು. ಬಸುರಿಯರನ್ನು ಗುಂಡಿ ರಸ್ತೆಯ ಪರೀಕ್ಷೆಗೆ ಕಳಿಸಕೂಡದೆಂದು ಬರೆಸಿದಳು. ಬ್ರೇಕಿನ ವಿಷಯಕ್ಕೆ ಒಮ್ಮೆ ಮೇಜು ಗುದ್ದಿ ನೀರಿನ ಲೋಟ ಉರುಳಿಸಿದ್ದಳು. ಆದರೆ ಎತ್ತರದ ಮಾತು ಬಂದ ಕಡೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೆಲಸದ ಸಂದರ್ಶನದ ದಿನ ಕುರ್ಚಿಯ ಮೇಲೆ ಕಾಲು ನೆಲಕ್ಕೆ ತಾಗದೆ ತೂಗಾಡುತ್ತಿದ್ದಾಗ ಎದುರಿಗಿದ್ದವರಲ್ಲೊಬ್ಬರು, “ಕ್ಲಚ್ಚಿಗೆ ಕಾಲು ಎಟುಕುತ್ತೇನಮ್ಮಾ?” ಎಂದು ಕೇಳಿದರು. ನಾಲ್ಕೂ ಜನ ನಕ್ಕರು. ಅವಳು ಅವರೆಲ್ಲರಿಗಿಂತ ಜೋರಾಗಿ ನಕ್ಕಳು. ಕೆಲಸ ಸಿಕ್ಕಿದ್ದು ಅಂಕಪಟ್ಟಿಯಿಂದಲ್ಲ, ಆ ನಗುವಿನಿಂದ ಎಂಬ ಗುಮಾನಿ ಇಂದಿಗೂ ಹೋಗಿಲ್ಲ.

ದಿಂಬು ತಪ್ಪು ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಡಿಕ್ಕಿಯಾದಾಗ ದಿಂಬು ಮುಂದಕ್ಕೆ ಜಾರುತ್ತದೆ, ಬೆಲ್ಟು ಸೊಂಟ ಬಿಟ್ಟು ಹೊಟ್ಟೆಗೆ ಏರುತ್ತದೆ; ಇದನ್ನು ಹೊಸದಾಗಿ ಸೇರಿದವರಿಗೆ ಪ್ರತಿ ವರ್ಷ ಚಿತ್ರ ತೋರಿಸಿ ಪಾಠ ಮಾಡುವವಳು ಅವಳೇ. ಪಾಠ ಮುಗಿಸಿ ದಿಂಬಿನ ಮೇಲೆ ಕೂತು ಮನೆಗೆ ಹೋಗುವವಳೂ ಅವಳೇ. ಮೂರು ವರ್ಷದ ಹಿಂದೆ ಒಬ್ಬ ನರ್ಸು ಕಾಗದ ಬರೆದಿದ್ದಳು, ಹೆರಿಗೆ ಮಾಡಿಸಲೆಂದು ಹೊತ್ತಲ್ಲದ ಹೊತ್ತಿನಲ್ಲಿ ಊರೂರು ತಿರುಗುವವಳು. ‘ನಿಮ್ಮ ಕಾರು ಚೆನ್ನಾಗಿದೆ. ಆದರೆ ನಾನು ಎರಡು ದಿಂಬು ಹಾಕಿಕೊಂಡು ಓಡಿಸಬೇಕು. ಕಾರು ಮಾಡುವವರಲ್ಲಿ ಕುಳ್ಳರು ಯಾರೂ ಇಲ್ಲವೇ?’ ಆ ಕಾಗದ ಮೇಜಿನಿಂದ ಮೇಜಿಗೆ ಇಳಿದು ಇವಳಿಗೇ ಬಂತು. ಇವಳು ಉತ್ತರ ಬರೆದಳು: ‘ಆಸನದ ವಿನ್ಯಾಸವು ಎಲ್ಲ ಮಾನದಂಡಗಳಿಗೂ ಅನುಗುಣವಾಗಿರುತ್ತದೆ.’ ಕೆಳಗೆ ತನ್ನ ಸಹಿ. ‘ಇರುತ್ತದೆ’ ಎಂಬ ಆ ಮಾತು, ತನ್ನದಲ್ಲದ ಯಾವುದೋ ಗಂಟಲಿನಿಂದ ಬಂದದ್ದು, ಈಗಲೂ ಸಿಗ್ನಲ್ಲಿನಲ್ಲಿ ಕಾಯುವಾಗ ಕಾರಣವಿಲ್ಲದೆ ನೆನಪಿಗೆ ಬಂದು ಕಿವಿ ಬಿಸಿಯಾಗುತ್ತದೆ.

ಇಷ್ಟಾದರೂ ಈ ಹೊಸ ಕಾರಿಗೆ ಸೀಟನ್ನು ಎತ್ತರಿಸುವ ಲಿವರ್ ಇತ್ತು. ಇತ್ತು, ಆರು ತಿಂಗಳ ಹಿಂದಿನವರೆಗೆ. ಎಲ್ಲಕ್ಕಿಂತ ಸಾದಾ ಮಾದರಿಯಲ್ಲಿ ಅದು ಬೇಡ, ಯಾರೂ ಬಳಸುವುದಿಲ್ಲ ಎಂದು ಸೇಲ್ಸಿನವರು ಪಟ್ಟು ಹಿಡಿದರು. ಡೈರೆಕ್ಟರು ಮೇಜಿನ ಸುತ್ತ ನೋಡಿ, “ಆಕ್ಷೇಪಣೆ ಯಾರದ್ದಾದ್ರೂ ಇದ್ಯಾ?” ಎಂದರು. ಹದಿನಾಲ್ಕು ಜನರ ಕೋಣೆಯಲ್ಲಿ ಕಾಲು ತೂಗಾಡುತ್ತಿದ್ದುದು ಅವಳೊಬ್ಬಳದೇ. ಎಲ್ಲರೂ ತನ್ನ ಕಾಲನ್ನೇ ನೋಡುತ್ತಿದ್ದಾರೆ ಅನ್ನಿಸಿತು, ಯಾರೂ ನೋಡುತ್ತಿರಲಿಲ್ಲ. “ಇಲ್ಲ ಸಾರ್,” ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಅವಳು. ತಾನೂ ಸಹಿ ಹಾಕಿ, ಉಳಿದವರಿಗೂ ತನ್ನ ಪೆನ್ನನ್ನೇ ಕೊಟ್ಟಳು. ಇಂದು ಟ್ರ್ಯಾಕಿನ ಮೇಲೆ ನಿಂತಿರುವುದು ಅದೇ ಸಾದಾ ಮಾದರಿಯ ಮೊದಲ ಕಾರು. ಮೇಲಿನ ಮಾದರಿಗಳು ಬರುವುದು ಆಮೇಲೆ.

ಗೇಟಿನ ಬಳಿ ಮದುವೆಮನೆಯ ಗಡಿಬಿಡಿಯಿತ್ತು. ಡೈರೆಕ್ಟರು ತಂಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಸೇಲ್ಸ್ ಮುಖ್ಯಸ್ಥರು, ಎಲ್ಲರೂ ಕರೆಯುವಂತೆ ಸೇಲ್ಸ್ ಸಾಹೇಬರು, ಫೋಟೋದವನನ್ನು ಕರೆತಂದು ಬಿಳಿ ಗೆರೆಯ ಆಚೆ ಒಂದು ಕೇಸರಿ ಟ್ರಾಫಿಕ್ ಕೋನು ಇರಿಸಿ, ಅದರ ತುದಿಗೆ ಕಂಪನಿಯ ಪುಟ್ಟ ಬಾವುಟ ಸಿಕ್ಕಿಸಿದ್ದರು. ಗೆರೆಯ ಮೇಲೆ ಕಾರು, ಮುಂದೆ ಬಾವುಟ, ಬಹಳ ಚೆನ್ನಾಗಿ ಬರುತ್ತದೆಂದು. ಕ್ಯಾಂಟೀನಿನ ಅಕ್ಕ ಚಹಾದ ಕ್ಯಾನು ಇಳಿಸುತ್ತಿದ್ದಳು. ಎಲ್ಲದರ ನಡುವೆ ಬಿಳಿ ಕಾರು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ. ಸೀಟು ವಿಭಾಗದ ಮೇಸ್ತ್ರಿ, ಮೂವತ್ತೈದು ವರ್ಷದ ಸೇವೆ, ದಿನಕ್ಕೆ ಹತ್ತು ಮಾತು, ಅವಳ ಮುಂದೆ ಕೈ ಚಾಚಿದ. “ಬ್ಯಾಗ್ ಕೊಡಿ ಮೇಡಂ. ರೂಲು.” ದಿಂಬಿದ್ದ ಬ್ಯಾಗನ್ನು ಅವನು ಪಕ್ಕದ ಮನೆಯವರ ಕೂಸನ್ನು ಹಿಡಿದಂತೆ, ಅಡಿಗೆ ಒಂದು ಕೈ ಕೊಟ್ಟು ಹಿಡಿದುಕೊಂಡ.

ಒಳಗೆ ಕೂತಳು, ಬಾಗಿಲು ಹಾಕಿಕೊಂಡಳು. ಬಾಗಿಲು ಮುಚ್ಚಿದ ಸದ್ದು ಸೊಗಸಾಗಿತ್ತು. ಆ ಸದ್ದಿಗಾಗಿ ಹನ್ನೊಂದು ತಿಂಗಳು ಹೋಗಿದ್ದವು. ಸೀಟನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಎಳೆದಳು. ರಸ್ತೆ ಎನ್ನುವುದು ಸ್ಟೇರಿಂಗಿನ ಬಳೆಗೂ ಡ್ಯಾಶ್‌ಬೋರ್ಡಿನ ಅಂಚಿಗೂ ನಡುವೆ ಒಂದು ಸೀಳಿನಷ್ಟು ಕಂಡಿತು. ಅದರ ಮೇಲೆ ವೈಪರಿನ ಕಡ್ಡಿ, ಕಡ್ಡಿಯ ಮೇಲೆ ಧಾರಾಳವಾದ ಆಕಾಶ. ಡ್ಯಾಶ್‌ಬೋರ್ಡಿನ ಕಪ್ಪು ಮಾತ್ರ ಕಣ್ಣಿಗೆ ಕಟ್ಟಿದಂತೆ ಹತ್ತಿರದಲ್ಲಿತ್ತು. ಅದರ ಮೇಲಿನ ಸಣ್ಣ ಗೀರುಗಳ ವಿನ್ಯಾಸವನ್ನು ಆರು ಮಾದರಿಗಳಲ್ಲಿ ಆರಿಸಿದವಳು ತಾನೇ. ಪರವಾಗಿಲ್ಲ, ಒಳ್ಳೆಯ ಆಯ್ಕೆ, ನೋಡಲು ಬೇರೇನೂ ಇಲ್ಲದಿದ್ದರೆ ಇದನ್ನೇ ನೋಡಬಹುದು ಎಂದುಕೊಂಡು ಗೇರು ಹಾಕಿದಳು.

ಮೊದಲ ತಿರುವಿನಲ್ಲೇ ಅವಳಿಗೆ ಎಲ್ಲ ಮರೆತುಹೋಯಿತು. ಕಾರು ಅಷ್ಟು ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹಾಳೆಗಳು ಹೇಳುತ್ತಿದ್ದವು, ಪರೀಕ್ಷೆಯವರು ಹೇಳುತ್ತಿದ್ದರು, ಆದರೆ ನಾಲ್ಕು ವರ್ಷದ ಜಗಳ, ರಾಜಿ, ಮುನಿಸು, ಮರಳಿ ಬರೆದ ನಕ್ಷೆ ಎಲ್ಲವೂ ಸೇರಿ ಹೀಗೊಂದು ಹಗುರಾದ ಪ್ರಾಣಿಯಾಗಿ, ತಿರುಗಿಸಬೇಕು ಎಂದುಕೊಳ್ಳುವುದಕ್ಕೂ ಅರೆಗಳಿಗೆ ಮೊದಲೇ ತಿರುಗಿ, ಗುಂಡಿಗಳ ಮೇಲೆ ಬೈಗುಳ ನುಂಗಿಕೊಂಡ ಹಿರಿಯರಂತೆ ಸದ್ದಿಲ್ಲದೆ ಹಾದು, ಓಡುತ್ತದೆಂದು ಯಾರೂ ಹೇಳಿರಲಿಲ್ಲ. ಅವಳು ಏನೋ ಗುನುಗತೊಡಗಿದಳು. ಕತ್ತು ಕೊಕ್ಕರೆಯಂತೆ ಉದ್ದವಾಗಿತ್ತು, ಬೆನ್ನು ಸೀಟಿಗೆ ತಾಗಿರಲಿಲ್ಲ, ಬಲತೊಡೆ ಸೆಳೆಯುತ್ತಿತ್ತು, ಆದರೂ ಸಂತೋಷವಾಗಿತ್ತು, ಸಂತೋಷಕ್ಕೆ ನಾಚಿಕೆಯಾಗುವಷ್ಟು. ಎರಡನೆಯ ತಿರುವಿನಲ್ಲಿ ಕಾಗದ ಬರೆದ ನರ್ಸು ಬಂದಳು. ಮುಖವಿಲ್ಲದವಳು, ಎರಡು ದಿಂಬಿನ ಮೇಲೆ ಕೂತು ಹೀಗೇ ಕತ್ತು ಚಾಚಿದ್ದಾಳೆ, ಹಳ್ಳಿಯ ಗಲ್ಲಿಯಲ್ಲಿ ಮುಂದೆ ಒಂದು ಮಗು ಕುಕ್ಕರಗಾಲಲ್ಲಿ ಕೂತು ಗೋಲಿ ಹೆಕ್ಕುತ್ತಿದೆ. ಈ ಸೀಳಿನಲ್ಲಿ ಆ ಮಗು ಎಲ್ಲಿರುತ್ತದೆ? ಇಲ್ಲ. ಸೀಳಿನಲ್ಲಿ ಮಗುವೇ ಇಲ್ಲ. ಗುನುಗು ನಿಂತಿತು. ಗೇಟು ಬಂತು, ಜನ ಕಂಡರು, ಸೊಂಟದಿಂದ ಮೇಲೆ. ಉದ್ದಣ್ಣ ಇಲ್ಲಿ ಬಂಪರನ್ನು ದಾರ ಹಿಡಿದು ಎಳೆದಂತೆ ಗೆರೆಗೆ ತಂದು ನಿಲ್ಲಿಸುತ್ತಿದ್ದರು. ಅವಳು ಅಂದಾಜಿನ ಮೇಲೆ ಬ್ರೇಕು ಒತ್ತಿದಳು. ಕರಕ್ ಎಂದಿತು.

ಇಳಿದು ಬಂದು ನೋಡಿದಳು. ಗೆರೆ ಹಿಂದಿನ ಚಕ್ರದ ಹತ್ತಿರವಿತ್ತು. ಕೋನು ಬಂಪರಿನ ಅಡಿಗೆ ಸಿಕ್ಕಿ ಚಪ್ಪಟೆಯಾಗಿ, ಕಂಪನಿಯ ಬಾವುಟ ನೆಲಕ್ಕೆ ಅಡ್ಡಬಿದ್ದಿತ್ತು. ಫೋಟೋದವನು ಫೋಟೋ ತೆಗೆದ. ಆಮೇಲೆ ಯಾರೋ ಕೆಮ್ಮಿದರು. ಸೇಲ್ಸ್ ಸಾಹೇಬರು ಒಳ್ಳೆಯ ಮನುಷ್ಯ, ಓಡಿಬಂದರು.

“ಬಿಡಿ ಮೇಡಂ, ಬಿಡಿ! ಮೊದಲನೇ ಸಲ ಅಲ್ವಾ, ಟೆನ್ಷನ್ನು. ಕೋನು ಬೇಕಾದಷ್ಟಿದೆ.”

ಡೈರೆಕ್ಟರು ಕನ್ನಡಕದೊಳಗಿನಿಂದ ನಕ್ಕರು. “ನಮ್ಮನೆಯವರೂ ಹೀಗೇ, ಗೇಟಿಗೆ ದಿನಾ ಮುತ್ತು ಕೊಡ್ತಾರೆ. ಬನ್ನಿ, ಬನ್ನಿ, ಸಹಿ ಹಾಕಿ, ಚಹಾ ಆರ್ತಾ ಇದೆ.”

ಎಲ್ಲರೂ ನಕ್ಕರು. ಅವಳ ಗಂಟಲಲ್ಲೂ ನಗು ತಯಾರಾಗಿ ನಿಂತಿತ್ತು, ಮೂವತ್ತು ವರ್ಷದಿಂದ ತರಬೇತಿಯಾದ ನಗು, ಎಲ್ಲರಿಗಿಂತ ಜೋರಾಗಿ ನಗುವಂಥದ್ದು. ಎಷ್ಟು ಸುಲಭದ ಬಾಗಿಲು ತೆರೆದುಕೊಟ್ಟಿದ್ದಾರೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಹೌದು ಸಾರ್, ಟೆನ್ಷನ್ನು ಎಂದರೆ ಮುಗಿಯಿತು. ಓಡಿಸಲು ಬಾರದ ಹೆಂಗಸು ಎನ್ನಿಸಿಕೊಂಡರೆ ಒಂದು ವಾರದ ನಗು; ಕುಳ್ಳಿ ಎಂದು ತಾನೇ ಹೇಳಿಕೊಂಡರೆ ಅದು ಉಳಿಯುತ್ತದೆ, ಹಾಳೆಯಲ್ಲಿ, ಸಹಿಯ ಮೇಲೆ, ಮುಂದಿನ ಚೀಫ್‌ಗಳೆಲ್ಲ ಓದುವಂತೆ. ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ಲೆಕ್ಕ ಹಾಕುತ್ತಾ ಮೇಜಿನವರೆಗೆ ನಡೆದಳು. ಹನ್ನೆರಡು ಹೆಜ್ಜೆ. ಲೆಕ್ಕ ಬಗೆಹರಿಯಲಿಲ್ಲ. ಬಗೆಹರಿಯದಿದ್ದುದೇ ಒಳ್ಳೆಯದಾಯಿತು, ಏಕೆಂದರೆ ಕೈ ಕಾಯಲಿಲ್ಲ. ಅದು ಪೆನ್ನು ತೆಗೆದುಕೊಂಡು ‘ಇಲ್ಲ’ ಎಂದು ಬರೆಯಿತು. ಕಾರಣದ ಅಂಕಣದ ಮುಂದೆ ತುಸು ತಡೆದಳು. ಮಿಲಿಮೀಟರುಗಳು ನೆನಪಾದವು, ಮಾನದಂಡಗಳು ನೆನಪಾದವು, ‘ಇರುತ್ತದೆ’ ನೆನಪಾಯಿತು. ಅವೆಲ್ಲ ಬಿಟ್ಟು, ಶಾಲೆಯ ಮಗು ಬರೆಯುವಷ್ಟು ದುಂಡಗೆ ಬರೆದಳು: ‘ನನಗೆ ಕಾಣಿಸಲಿಲ್ಲ.’

ಡೈರೆಕ್ಟರು ಓದಿ ಕನ್ನಡಕ ತೆಗೆದರು. “ಏನು ಹಾಗಂದ್ರೆ?”

“ಕೋನು ಕಾಣಿಸಲಿಲ್ಲ ಸಾರ್. ಗೆರೆ ಕಾಣಿಸಲಿಲ್ಲ. ಬಾನೆಟ್ಟೇ ಕಾಣಿಸಲಿಲ್ಲ. ನಾನು ಗಿಡ್ಡ. ಲಿವರ್ ಇಲ್ಲದೆ ಈ ಕಾರನ್ನ ನಾನು ಓಡಿಸೋಕೆ ಆಗಲ್ಲ.”

“ಲಿವರ್ ತೆಗೆದ ಕಾಗದದಲ್ಲಿ ನಿಮ್ಮದೇ ಸಹಿ ಇದೆ.”

“ಇದೆ. ಅದು ಹೇಡಿ ಸಹಿ. ಇದು ನನ್ನ ಸಹಿ.”

“ಮೇಡಂ, ಒಬ್ಬರಿಗೋಸ್ಕರ…” ಡೈರೆಕ್ಟರು ಮಾತು ಹುಡುಕಿದರು. ಕೆಟ್ಟ ಮಾತು ಆಡಲು ಬಾರದವರು. “ಆರು ವಾರಕ್ಕೆ ಕಾರು ಷೋರೂಮಿನಲ್ಲಿರಬೇಕು. ನಿಮಗೊಬ್ಬರಿಗೆ ಹೊಂದಲ್ಲ ಅಂತ…”

“ಒಬ್ಬರಿಗಲ್ಲ ಸಾರ್,” ಎಂದ ಮೇಸ್ತ್ರಿ. ಆ ದಿನದ ಹತ್ತು ಮಾತುಗಳಲ್ಲಿ ಇಷ್ಟು ಖರ್ಚು ಮಾಡಿ ಸುಮ್ಮನಾದ. ಅವನ ಕಣ್ಣು ಹೋದ ಕಡೆ ಎಲ್ಲರೂ ನೋಡಿದರು. ಕ್ಯಾಂಟೀನಿನ ಅಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು ಕಾರಿನ ಬಾಗಿಲು ತೆರೆಯುತ್ತಿದ್ದಳು.

“ನಾನು ಕೂತು ನೋಡ್ತೀನಿ, ತಡೀರಿ. ಓಡಿಸೋದಂತೂ ಬರಲ್ಲ, ನೋಡೋದು ಬರುತ್ತೆ.” ಕೂತಳು. ಕಾಣೆಯಾದಳು. ಒಳಗಿನಿಂದ ದನಿ ಬಂತು: “ಅಯ್ಯೋ, ಬಾವಿಯೊಳಗೆ ಕೂತ ಹಾಗಿದೆಯಲ್ಲಾ! ಬರೀ ಆಕಾಶ! ಮೇಸ್ತ್ರಿಗಳೇ, ಎಲ್ಲಿದೀರಿ?”

“ಮುಂದೇನೇ ಇದೀನಿ.”

“ಮುಂದೆ ಯಾರೂ ಇಲ್ಲ, ಸುಳ್ಳು ಹೇಳಬೇಡಿ!”

ಅವನು ನಿಜಕ್ಕೂ ಬಂಪರಿನ ಮುಂದೆ ಅದೇ ಬಾವುಟ ಸಿಕ್ಕಿಸಿದ ಇನ್ನೊಂದು ಕೋನು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಅವಳಿಗೆ, ಚೀಫ್‌ಗೆ, ಆಗ ದಾರಿ ಹೊಳೆಯಿತು. ಇದು ಅಳೆಯಬಹುದಾದದ್ದು. “ಮೇಸ್ತ್ರಿ, ಕೋನನ್ನ ಹಿಂದಕ್ಕೆ ಸರಿಸ್ತಾ ಹೋಗು. ಅಕ್ಕ, ಬಾವುಟ ಕಂಡ ಕೂಡಲೇ ಕೂಗಿ.” ಅಕ್ಕ ಕೂಗಿದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೀಟು. ಆಮೇಲೆ ಕಾರ್ಖಾನೆಯ ದವಾಖಾನೆಯ ನರ್ಸನ್ನು ಕರೆಸಿದರು. ಅವಳ ಮುಖವನ್ನು ನೇರವಾಗಿ ನೋಡಲು ಚೀಫ್‌ಗೆ ಏಕೋ ಆಗಲಿಲ್ಲ. ಅವಳಿಗೊಂದು ಗೀಟು. ಬಣ್ಣದ ವಿಭಾಗದಿಂದ ಇಬ್ಬರು ಹೆಂಗಸರು, ಉಗ್ರಾಣದ ಗುಮಾಸ್ತ, ಗೇಟಿನ ಕಾವಲುಗಾರ, ಸುದ್ದಿ ಕೇಳಿ ತಾವಾಗಿ ಬಂದ ಮತ್ತಷ್ಟು ಜನ. ಕಾರ್ಖಾನೆಯಲ್ಲಿ ಇಷ್ಟೊಂದು ಗಿಡ್ಡರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಎಲ್ಲೆಲ್ಲೋ ಏನೇನರ ಮೇಲೋ ನಿಂತೇ ಕೆಲಸ ಮಾಡುತ್ತಿದ್ದರು. ಸಾಲು ಬೆಳೆಯಿತು, ಚಹಾದ ಕ್ಯಾನು ಖಾಲಿಯಾಯಿತು. ಪ್ರತಿಯೊಬ್ಬರೂ ಒಳಗೆ ಮುಳುಗಿದಾಗ ಒಂದು ಗದ್ದಲ, ಬಾವುಟ ಕಂಡಾಗ ಒಂದು ಕೂಗು. ಕಾವಲುಗಾರ ಇಳಿದು ಬಂದು, “ಇದಕ್ಕೆ ಪೆರಿಸ್ಕೋಪ್ ಕೊಡ್ತೀರಾ ಸಾರ್?” ಎಂದು ಡೈರೆಕ್ಟರನ್ನೇ ಕೇಳಿದ. ಹದಿನೇಳು ಗೀಟುಗಳಾದವು. ಡೈರೆಕ್ಟರು ತಾವೂ ಕೂತು ನೋಡಿದರು. ಅವರ ಗೀಟು ಬಂಪರಿನ ಬುಡದಲ್ಲೇ ಬಿತ್ತು. ಅಲ್ಲಿಂದ ಕ್ಯಾಂಟೀನಿನ ಅಕ್ಕನ ಗೀಟಿನವರೆಗೆ ಕೈಕಟ್ಟಿಕೊಂಡು ನಡೆದರು. ಏಳು ಹೆಜ್ಜೆ. ಮತ್ತೆ ಹಿಂದಕ್ಕೆ ನಡೆದರು, ಏಳೇ.

ಕೊನೆಗೆ ಸೇಲ್ಸ್ ಸಾಹೇಬರು, ಯಾರೂ ಕರೆಯದೆ, ಅತ್ತಿತ್ತ ನೋಡಿ, ಬೂಟು ಕಳಚಿದರು. ಬೂಟಿನ ಹಿಮ್ಮಡಿ ಮೂರು ಬೆರಳು ದಪ್ಪವಿತ್ತು. ಕಳಚಿದ ಕೂಡಲೇ ಅವರು ಬೇರೆಯೇ ಮನುಷ್ಯರಾದರು. ಒಳಗೆ ಕೂತರು. ಮೇಸ್ತ್ರಿ ಕೋನು ಸರಿಸುತ್ತಾ ಸರಿಸುತ್ತಾ ಅಕ್ಕನ ಗೀಟಿನ ಹತ್ತಿರ ಹತ್ತಿರ ಹೋದ. ಇಳಿದು ಬಂದವರು ಚೀಫ್ ಪಕ್ಕ ನಿಂತು, ಕಾಲುಚೀಲದ ಮೇಲೆಯೇ, ತಗ್ಗಿದ ದನಿಯಲ್ಲಿ ಹೇಳಿದರು: “ನಾನು ಮನೇ ಕಾರಿಗೆ ಟವೆಲ್ ಮಡಚಿ ಹಾಕ್ಕೋತೀನಿ ಮೇಡಂ. ಎರಡು. ಹೆಂಡತಿಗೆ ಬೆನ್ನುನೋವು ಅಂತ ಹೇಳಿದೀನಿ.”

“ಮತ್ತೆ ಲಿವರ್ ಯಾರೂ ಬಳಸಲ್ಲ ಅಂತ ಹಟ ಹಿಡಿದಿದ್ದು ನೀವೇ ಅಲ್ವಾ ಸಾರ್?”

“ಹೌದು. ನೀವು ತಡೀತೀರಿ ಅಂತ ಧೈರ್ಯದ ಮೇಲೆ.”

ಅವಳಿಗೆ ನಗು ಬಂತು. ತರಬೇತಿಯ ನಗುವಲ್ಲ, ಎಲ್ಲಿತ್ತೋ ಏನೋ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಬಾನೆಟ್ಟಿಗೆ ಕೈಯೂರಿಕೊಂಡು ನಕ್ಕಳು. ಸಾಹೇಬರು ಮೊದಲು ಗಾಬರಿಯಾದರು, ಆಮೇಲೆ ಬೂಟು ಕೈಯಲ್ಲಿ ಹಿಡಿದುಕೊಂಡೇ ಅವರೂ ಶುರುಮಾಡಿದರು.

“ಎಷ್ಟು ವಾರ ಬೇಕು?” ಎಂದರು ಡೈರೆಕ್ಟರು, ನಗು ಮುಗಿಯುವವರೆಗೆ ಕಾದು.

“ಎಂಟು.”

“ಐದು.”

“ಎಂಟು ಸಾರ್.”

“ಚೌಕಾಸಿ ಅಭ್ಯಾಸಾನೇ ಇಲ್ವಾ ನಿಮಗೆ?”

“ಇದೆ. ಮನಸ್ಸಲ್ಲೇ ಮಾಡ್ಕೊಂಡು ಬಂದಿದೀನಿ. ಹತ್ತು ಬೇಕಿತ್ತು.”

ಡೈರೆಕ್ಟರು ಹಾಳೆಯನ್ನು ಮತ್ತೊಮ್ಮೆ ಓದಿದರು, ಇಷ್ಟು ಚಿಕ್ಕ ವಾಕ್ಯ ಇಷ್ಟು ದುಬಾರಿಯಾಯಿತಲ್ಲ ಎಂಬಂತೆ. ಕೆಳಗೆ ತಮ್ಮ ಸಹಿ ಹಾಕಿದರು. “ಷೋರೂಮಿನವರಿಗೆ ನೀವೇ ಹೇಳಬೇಕು,” ಎಂದು ಸೇಲ್ಸ್ ಸಾಹೇಬರ ಕಡೆ ತಿರುಗಿದರು, “ಬೂಟು ಹಾಕ್ಕೊಂಡು ಹೇಳಿ.”

ಜನ ಚದುರತೊಡಗಿದಾಗ ಮೇಸ್ತ್ರಿ ಬ್ಯಾಗು ಹಿಂದಕ್ಕೆ ಕೊಟ್ಟ. ಕೊಟ್ಟವನು ಹೋಗಲಿಲ್ಲ.

“ಸ್ಪಂಜು ಹೊಸದು ಹಾಕಿದೀನಿ ಮೇಡಂ, ಹೋದ ತಿಂಗಳು.”

“ಯಾವ ಸ್ಪಂಜು?”

“ದಿಂಬಿಂದು. ನಮ್ಮ ವಿಭಾಗಕ್ಕೆ ಬಂದಾಗ ಬ್ಯಾಗು ಅಲ್ಲೇ ಬಿಟ್ಟು ಮೀಟಿಂಗಿಗೆ ಹೋಗ್ತೀರಲ್ಲ. ವರ್ಷಕ್ಕೊಂದ್ಸಲ ಬದಲಾಯಿಸ್ತೀನಿ.”

ಅವಳು ಬ್ಯಾಗಿನೊಳಗೆ ಕೈಹಾಕಿ ದಿಂಬನ್ನು ಒತ್ತಿ ನೋಡಿದಳು. ಸ್ಪಂಜು ಎಷ್ಟು ದಿನಕ್ಕೆ ಎಷ್ಟು ತಗ್ಗುತ್ತದೆಂದು ಪಟ್ಟಿ ಮಾಡಿಸಿದ ಎಂಜಿನಿಯರು ತಾನು. ತನ್ನ ಕೆಳಗಿನದು ಇಷ್ಟು ವರ್ಷ ತಗ್ಗದೆ ಉಳಿದದ್ದು ಹೇಗೆಂಬ ಪ್ರಶ್ನೆ ಒಂದು ದಿನವೂ ಬರಲಿಲ್ಲ. ಅಮ್ಮನ ಕಾಲದ ಸಾಮಾನೇ ಹಾಗೆ ಎಂದುಕೊಂಡಿದ್ದಳು. ಹಾಗಾದರೆ ವಿಭಾಗಕ್ಕೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ನಕ್ಕಿಲ್ಲ, ಅಥವಾ ತಮ್ಮತಮ್ಮಲ್ಲೇ ನಕ್ಕು ಹೊಸ ಸ್ಪಂಜು ತುಂಬಿದ್ದಾರೆ. ಎರಡೂ ಒಂದೇ.

“ಗೊತ್ತಿದ್ರೆ ಹೇಳೋದಲ್ವಾ ಮೇಸ್ತ್ರಿ, ಲಿವರ್ ತೆಗೆದಾಗಲಾದ್ರೂ?”

“ನೀವು ಹೇಳಲಿ ಅಂತ ಕಾದೆ,” ಎಂದು ಅವನು ಷರಟಿನ ಜೇಬಿನಿಂದ ನಾಲ್ಕು ದಪ್ಪ ಉಕ್ಕಿನ ಬಿಲ್ಲೆ ತೆಗೆದು ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟ. ನಡುವೆ ತೂತು, ಅಂಚು ನುಣುಪು. “ಮೂವತ್ತು ಮಿಲಿಮೀಟರು. ಸೀಟಿನ ಬೋಲ್ಟಿಗೆ ಸರಿಯಾಗಿ ಕೂರುತ್ತೆ. ರಸ್ತೆಗೆ ತಗೊಂಡು ಹೋಗಬಾರದು, ಟ್ರ್ಯಾಕಿಗೆ ಸಾಕು. ಇಪ್ಪತ್ತು ನಿಮಿಷ ಕೊಡಿ.”

ಇಪ್ಪತ್ತೆರಡು ತೆಗೆದುಕೊಂಡ. ಅವಳು ಮತ್ತೆ ಕೂತಾಗ ಬೆನ್ನು ಸೀಟಿಗೆ ತಾನಾಗಿ ಒರಗಿತು, ಬೆಲ್ಟು ಎಲ್ಲಿರಬೇಕೋ ಅಲ್ಲಿ ಬಂತು. ಕತ್ತು ಚಾಚಲು ಹೋಗಿ, ಬೇಕಿಲ್ಲವೆಂದು ತಿಳಿದು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಸುಮ್ಮನೆ ಭುಜಗಳ ಮೇಲೆಯೇ ಬಿಟ್ಟಳು. ಎದುರಿಗೆ ಬಿಳಿಯ ಒಂದು ಇಳಿಜಾರು ಇತ್ತು. ಬಾನೆಟ್ಟು. ಎಡದಿಂದೊಂದು, ಬಲದಿಂದೊಂದು, ಎರಡು ನವಿರಾದ ಏಣುಗಳು ಓಡಿ, ಮೂಗಿನ ಬಳಿ ಹತ್ತಿರವಾಗಿ, ಸೇರಲೋ ಬೇಡವೋ ಎಂಬಂತೆ ನಿಂತಿದ್ದವು. ನಕ್ಷೆಯಲ್ಲಿ, ಪರದೆಯ ಮೇಲೆ, ಮಣ್ಣಿನ ಮಾದರಿಯ ಸುತ್ತ ನಡೆದು, ಸಾವಿರ ಸಲ ನೋಡಿದ್ದು. ಓಡಿಸುವವಳು ಕೂತ ಜಾಗದಿಂದ, ಹನ್ನೊಂದು ಕಾರುಗಳಲ್ಲಿ ಒಂದರಲ್ಲೂ, ದಿಂಬಿನ ಮೇಲೆ ಕೂತೂ, ಅವಳು ತನ್ನ ಕಾರಿನ ಮುಂದಿನ ತುದಿಯನ್ನು ಕಂಡಿರಲಿಲ್ಲ. ಕಾರಿಗೆ ಒಂದು ತುದಿ ಇದೆ, ಅದರಾಚೆ ರಸ್ತೆ ಶುರುವಾಗುತ್ತದೆ. ಇಷ್ಟನ್ನು ಬೇರೆಯವರೆಲ್ಲ ದಿನಾ ನೋಡುತ್ತಾ, ಹೇಳದೆ, ಓಡಾಡುತ್ತಿದ್ದಾರೆ. ಅವಳು ಹೊರಟಳು. ಏಣುಗಳ ಮೇಲೆ ಮೋಡ ಜಾರಿತು, ಗೇಟಿನ ನೆರಳು ಜಾರಿತು, ತಿರುವಿನಲ್ಲಿ ಇಡೀ ಬಯಲು ಬಾನೆಟ್ಟಿನ ಮೇಲ್ಮೈಯಲ್ಲಿ ಓರೆಯಾಗಿ ತಿರುಗಿತು. ರಸ್ತೆಯ ಸಣ್ಣ ಬಿರುಕು, ಬಿರುಕಿನೊಳಗಿನ ಹುಲ್ಲು, ಹುಲ್ಲಿನ ಪಕ್ಕ ಕೂತಿದ್ದ ಒಂದು ಹಕ್ಕಿ, ಅದು ಕಾರನ್ನು ನೋಡಿ ಯೋಚಿಸಿ ಎದ್ದು ಹೋದದ್ದು, ಎಲ್ಲವೂ ಕಂಡವು. ಅವಳು ಜೋರಾಗಿಯೇ ಹಾಡತೊಡಗಿದಳು, ಪದ ಮರೆತಲ್ಲಿ ಗೇರಿನ ಸದ್ದು ಸೇರಿಸಿ.

ಗೇಟಿನ ಬಳಿ ಮೇಸ್ತ್ರಿ ಗೆರೆಯ ಪಕ್ಕ ನಿಂತು, ನಿಲ್ಲಿಸಿ ಎಂದು ಕೈ ತೋರಿಸುತ್ತಿದ್ದ. ಸೇಲ್ಸ್ ಸಾಹೇಬರು ಫೋಟೋದವನನ್ನು ಮತ್ತೆ ಹಿಡಿದು ತಂದಿದ್ದರು. ಗೆರೆ ಬಿಳಿಯಾಗಿ, ಅಗಲವಾಗಿ, ಚಾಪೆ ಹಾಸಿದಷ್ಟು ಸ್ಪಷ್ಟವಾಗಿ ಬಂತು. ಬೇಕಿದ್ದರೆ ಉದ್ದಣ್ಣನಿಗಿಂತ ನೇರವಾಗಿ ನಿಲ್ಲಿಸಬಹುದಿತ್ತು. ಒಂದೇ ಸುತ್ತು ಎಂದು ನಿಯಮ. ಅವಳು ಹಾರ್ನ್ ಒತ್ತಿ, ಎಡಗೈ ಎತ್ತಿ ಬೀಸಿ, ಗೆರೆಯ ಮೇಲೆ ಹಾಯ್ದು ಇನ್ನೊಂದು ಸುತ್ತಿಗೆ ಹೋದಳು.